ನಾಲ್ಕನೆಯ ಫೋಟೊ

ಅರಸೀಕೆರೆ, ಹರಪನಹಳ್ಳಿ ತಾಲೂಕು
12-11-2024

ಮಗ ಗವಿಸಿದ್ದೇಶನಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ. ಇದು ಪದ್ಧತಿಗೆ ಬರೆದದ್ದು. ಹೊಟ್ಟೆಯಲ್ಲಿರುವುದು ಬೆಂಕಿ.

ಫೋನಿನಲ್ಲಿ ಬೈಯೋಣವೆಂದರೆ ಅರ್ಧಕ್ಕೇ ಕಟ್ ಮಾಡುತ್ತೀ. ಅದಕ್ಕೇ ಕಾಗದ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು.

ಹೆಂಡತಿಯನ್ನು ತವರಿಗೆ ಬಿಟ್ಟು ಹೋದೆಯಲ್ಲ, ಮರುದಿನವೇ ನಾನೂ ಕೊಟ್ಟೂರಿನಿಂದ ಚೀಲ ಹಿಡಿದು ಬಸ್ಸು ಹತ್ತಿದೆ. ಬೀಗರ ಮನೆಯ ರೊಟ್ಟಿ ರುಚಿ ಎಂದಲ್ಲ. ಹೆಂಡತಿ ಗಂಗಾಂಬಿಕಾಗೆ ಬುದ್ಧಿ ಕೆಟ್ಟಿದೆ ಎಂದು ತನ್ನ ಅಂಗಡಿಗೆ ಬಂದವರ ಮುಂದೆಲ್ಲ ಹೇಳುವವನ ಮನೆಯಲ್ಲಿ ನನಗೆ ಅನ್ನ ಇಳಿಯಲಿಲ್ಲ.

ಅವಳ ಎದೆಯ ಗಂಟಿಗೆ ಆಪರೇಷನ್, ಆಮೇಲೆ ಆರು ಸಲ ಕಿಮೋ. ಹೋದ ಕೂದಲು ಬಂತು, ನೆನಪು ಪೂರ್ತಿ ಬರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗುತ್ತಿದ್ದಳು. ಪಕ್ಕದ ಮನೆಯ ಶಹಜಾನಬಿ ಹೊಲಿಯಲು ಕೊಟ್ಟ ಜಂಪರ್ ಬಟ್ಟೆಯನ್ನು ನನ್ನ ಅಳತೆಗೆ ಕತ್ತರಿಸಿದಳು. ಆ ಹೆಣ್ಣುಮಗಳು, “ಇರ್ಲಿ ಬಿಡವ್ವ, ನಮ್ಮ ಅತ್ತಿಗಾದ್ರೂ ಆಗತೈತಿ” ಎಂದು ನಕ್ಕು ಹೋದಳು. ಹೊರಗಿನವಳಿಗಿದ್ದ ತಾಳ್ಮೆ ಕಟ್ಟಿಕೊಂಡವನಿಗಿಲ್ಲ.

ಡಾಕ್ಟರಮ್ಮ ನಿನ್ನೆದುರಿಗೇ ಹೇಳಿದ್ದರು: “ಇದು ಹುಚ್ಚಲ್ರಿ, ಆ ಔಷಧಿ ಮ್ಯಾಲೆ ಕೆಲವರಿಗೆ ಹಿಂಗ ಆಗತೈತಿ. ಮನ್ಯಾಗ ದಿನಾ ಅರ್ಧ ತಾಸು ಮೆದುಳಿಗೆ ಕಸರತ್ತು ಮಾಡಿಸ್ರಿ, ಹನ್ನೆರಡು ವಾರ.” ಆ ಕಸರತ್ತನ್ನು ಅವಳ ಫೋನಿನಲ್ಲಿ ಹಾಕಿಯೂ ಕೊಟ್ಟರು. ಬಣ್ಣ ಜೋಡಿಸುವುದು, ಕೇಳಿದ ಪದಗಳನ್ನು ತಿರುಗಿ ಹೇಳುವುದು. ನೀನು ಅದನ್ನು ಕೂಸುಗಳ ಆಟ ಎಂದೆ. ಏಳು ವಾರ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಹಾಲು ಉಕ್ಕುವುದು ಕಡಿಮೆಯಾಗಿತ್ತು. ಅದು ನಿನ್ನ ಕಣ್ಣಿಗೆ ಬೀಳಲಿಲ್ಲ.

ಬಿದ್ದದ್ದು ಒಂದೇ. ಅವತ್ತು ಫೋನಿನಲ್ಲಿ ಗುರುತಿನವರ ಫೋಟೊ ಬಂದವು, ಹೆಸರು ಹೇಳಬೇಕಿತ್ತು. ನಿನ್ನ ಮಗಳು ಭಾಗ್ಯಳದು ಹೇಳಿದಳು, ತನ್ನ ತಮ್ಮ ಅರುಣಕುಮಾರನದು ಹೇಳಿದಳು, ಶಹಜಾನಬಿಯದೂ ಹೇಳಿದಳು. ನಾಲ್ಕನೆಯದು ನಿನ್ನದು. ಬಾಯಿ ತೆರೆಯಲಿಲ್ಲ. ಫೋನು ತಪ್ಪು ಎಂದು ಟುಂಯ್ ಅಂದಿತು. ಬಾಗಿಲಲ್ಲಿ ನಿಂತಿದ್ದ ನೀನು, “ಗಂಡನ ಹೆಸರೇ ಮರ್ತಾಳ! ಇನ್ನೇನೈತಿ ಇಕಿ ತಲ್ಯಾಗ?” ಎಂದು ಫೋನ್ ಕಿತ್ತುಕೊಂಡೆ.

ಲೇ, ನಾನು ಅಲ್ಲೇ ಕಾಲು ಚಾಚಿ ಕುಳಿತಿದ್ದೆ. ಅತ್ತೆಯ ಮುಂದೆ ಗಂಡನ ಹೆಸರು ಹೇಗೆ ಹೇಳುತ್ತಾಳೆ? ನಿನ್ನ ಅಪ್ಪನ ಹೆಸರನ್ನು ನನ್ನ ಬಾಯಿಂದ ಒಂದು ದಿನವಾದರೂ ಕೇಳಿದ್ದೀಯಾ? ರೇಷನ್ ಕಾರ್ಡಿನವನು ಕೇಳಿದಾಗ ನಿನ್ನನ್ನು ಮುಂದೆ ತಳ್ಳಿ “ಹೇಳಲೇ” ಎಂದವಳು ನಾನು. ನನಗೂ ಮರೆತಿತ್ತೇ?

ಇನ್ನೊಂದು ಮಾತು. ಬರೆಯಲು ಮನಸ್ಸಿಲ್ಲ, ಬರೆಯುತ್ತೇನೆ. ಮದುವೆಯ ಹೊಸದರಲ್ಲಿ ಅವಳು ಒಮ್ಮೆ ನಿನ್ನ ಹೆಸರು ಹಿಡಿದು ಕೂಗಿದ್ದಳು. “ಅವನೇನು ನಿನ್ನ ಜೋಡಿ ಆಡಿ ಬೆಳೆದ ವಾರಗಿಯವನೇನ?” ಎಂದು ನಲ್ಲಿಯ ಮುಂದೆ ನಾಲ್ಕು ಜನ ಕೇಳುವಂತೆ ಬೈದಿದ್ದೆ. ಅವಳು ಅದನ್ನು ಮರೆತಿಲ್ಲ. ಮರೆತವಳು ನಾನು. ನೀನು ಫೋನ್ ಕಿತ್ತುಕೊಂಡಾಗಲೇ ನೆನಪಾಗಬೇಕಿತ್ತು, ಬಸ್ಸಿನಲ್ಲಿ ಕೂತ ಮೇಲೆ ಆಯಿತು.

ಇಲ್ಲಿ ಫೋನಿಲ್ಲದ ಕಸರತ್ತು ಮಾಡಿಸುತ್ತಿದ್ದೇನೆ. ಮೊರದಲ್ಲಿ ಬಗೆಬಗೆಯ ಕಾಳಿಟ್ಟು ತೋರಿಸಿ, ಸೆರಗು ಮುಚ್ಚಿ, ಏನೇನಿತ್ತು ಎಂದು ಕೇಳುತ್ತೇನೆ. ಮೊದಲು ನಾಲ್ಕು ಹೇಳುತ್ತಿದ್ದಳು, ಈಗ ಏಳು. ನಾನು ಆರಕ್ಕೇ ನಿಂತೆ. “ಅತ್ತಿ, ನಿಮ್ಮನ್ನ ಯಾರ ತವರಿಗೆ ಬಿಟ್ಟು ಬರೂಣು?” ಎಂದು ನಕ್ಕಳು.

ಫೋನಿನ ಕಸರತ್ತು ಇನ್ನೂ ಐದು ವಾರ ಉಳಿದಿದೆ. ಭಾನುವಾರದೊಳಗೆ ಆ ಫೋನ್ ಹಿಡಿದು ಬಾ. ಯಾರ ಕೈಲೂ ಕಳಿಸಬೇಡ, ನೀನೇ ಬಾ. ಅಂಗಡಿಯಲ್ಲಿ ಆಡಿದ ಮಾತನ್ನು ಅಂಗಡಿಯಲ್ಲೇ ತಿದ್ದಿ ಬಾ. ಇಲ್ಲವಾದರೆ ನಾನೇ ಬಂದು ಅಂಗಡಿಯ ಮುಂದೆ ನಿಂತು ತಿದ್ದುತ್ತೇನೆ. ನನ್ನ ಗಂಟಲು ನಿನಗೆ ಗೊತ್ತು.

ಸಿಟ್ಟು ಇನ್ನೂ ಇಳಿಯದ,
ನಿನ್ನ ಅವ್ವ
ಮರುಳಸಿದ್ದಮ್ಮ

ತಾ.ಕ.: ಲಕೋಟೆಯ ಮೇಲಿನ ಅಕ್ಷರ ನೋಡು, ನನ್ನದಲ್ಲ. ವಿಳಾಸ ಬರೆದುಕೊಡು ಎಂದು ಅವಳಿಗೆ ಕೊಟ್ಟೆ. ನಿನ್ನ ಹೆಸರು, ನಿನ್ನ ಅಪ್ಪನ ಹೆಸರು, ಓಣಿ, ಪಿನ್ ಕೋಡ್, ಎಲ್ಲವನ್ನೂ ಯಾರನ್ನೂ ಕೇಳದೆ ಬರೆದಳು. “ಬಾಯಿಲೆ ಹೇಳಬ್ಯಾಡ ಅಂದಿದ್ರಿ, ಕೈಲೆ ಬರೀಬ್ಯಾಡ ಅಂದಿಲ್ಲಲ್ಲ ಅತ್ತಿ” ಎಂದಳು. ಸ್ಟಾಂಪು ಹಚ್ಚುವುದನ್ನು ಮರೆತಳು. ನಾನು ಹಚ್ಚಿದೆ. ಅಷ್ಟೇ ಕೆಲಸ.