ಸುಣ್ಣ ಹಚ್ಚದ ಗಡಿಗೆ ಮತ್ತು ಸನ್ಮಾನದ ಶಾಲು

ವಿಜಾಪುರದ ಮಾನ್ಯ ಅಬಕಾರಿ ಅಧಿಕಾರಿಗಳೇ, ನೀವು ಹೊದಿಸಲಿರುವ ಶಾಲಿನ ಸುದ್ದಿ ನನಗೆ ಮುಟ್ಟಿದೆ. ಹಳೆಯ ಪದ್ಧತಿಯಲ್ಲಿ ನೀರಾ ಇಳಿಸುವ ಕೆಲಸವನ್ನು ಉಳಿಸಿ ಬೆಳೆಸಿದವರಿಗೆ ನಿಮ್ಮ ಕಚೇರಿ ಸನ್ಮಾನ ಮಾಡುತ್ತದೆಯಂತೆ. ಅದರಲ್ಲಿ ನನ್ನ ದಿವಂಗತ ಗಂಡ ಮರೆಪ್ಪನವರ ಹೆಸರೂ ಇದೆಯಂತೆ. ಅವರು ಬದುಕಿದ್ದಾಗ ನಿಮ್ಮ ಜೀಪು ನಮ್ಮ ಸಾರವಾಡಕ್ಕೆ ಬಂದದ್ದು ಒಂದೇ ಸಲ, ಅದೂ ಗಡಿಗೆ ಒಡೆಯಲಿಕ್ಕೆ. ಆ ಚೂರುಗಳಿಗೂ ಒಂದು ಹಾರ ತರುತ್ತೀರಾ?

ಈಚಲ ಮರಕ್ಕೆ ಕಟ್ಟುವ ಗಡಿಗೆಯ ಒಳಗೆ ಸುಣ್ಣ ಬಳಿದರೆ ರಸ ಸಿಹಿಯಾಗಿ ಉಳಿಯುತ್ತದೆ, ನೀರಾ ಎನಿಸಿಕೊಳ್ಳುತ್ತದೆ. ಸುಣ್ಣವಿಲ್ಲದಿದ್ದರೆ ಬಿಸಿಲೇರುತ್ತಲೇ ಹುಳಿತು ನೊರೆಯೆದ್ದು ಅಮಲೇರಿಸುವ ಸಿಂದಿಯಾಗುತ್ತದೆ, ಅಪರಾಧವಾಗುತ್ತದೆ. ನಿಮ್ಮ ಜೀಪು ಬಂದ ದಿನ ಸುಣ್ಣ ತೆಳುವಾಗಿತ್ತು. ನಿಮ್ಮವರು ಮೂಸಿ ನೋಡಿ ಮರೆಪ್ಪನವರನ್ನು ಎಳೆದೊಯ್ದರು. ಬಿಟ್ಟು ಕಳಿಸಿದ ಮೇಲೂ ಯಾವ ಗಾಡಿ ಸದ್ದು ಮಾಡಿದರೂ ಅವರು ಬೆಚ್ಚಿಬೀಳುತ್ತಿದ್ದರು. ಕಳೆದ ಕಾರ್ತಿಕದಲ್ಲಿ ಡೋಣಿ ಹೊಳೆಯ ದಂಡೆಯ ಮರದ ಮೇಲಿದ್ದಾಗ ಕೆಳಗೆ ಯಾರದೋ ಟ್ರ್ಯಾಕ್ಟರ್ ಹಾದುಹೋಯಿತು. ಜೀಪೆಂದು ತಿಳಿದು ಹಿಡಿದ ಕೈ ಬಿಟ್ಟರು, ಬಿದ್ದವರು ಮತ್ತೆ ಏಳಲಿಲ್ಲ.

ಮೊನ್ನೆ ನಿಮ್ಮ ಪೇದೆ ನಗುತ್ತ ಬಂದ. "ಹೆದರಬ್ಯಾಡ ಬೇ ಯವ್ವಾ, ಈ ಸಲ ಹಿಡ್ಯಾಕ ಬಂದಿಲ್ಲ, ಹಾರ ಹಾಕ್ತೀವಿ."

"ಹಾರ ಕೊರಳಿಗೋ, ಬೇಡಿ ಹಂಗ ಕೈಗೋ, ಸಾಹೇಬ್ರ?" ಎಂದ ನನ್ನ ಮೈದುನ ಅಮೋಘಿ. ಈಗ ಮರ ಹತ್ತುವವನು ಅವನೇ.

"ಲೇ, ಚಾಷ್ಟಿ ಸಾಕು. ನಿಮ್ಮಣ್ಣನ ಹಾರ ನೀನ ತಗೋಬೇಕು, ಒಂದ ಗಡಗಿ ತುಂಬ ನೀರಾ ತಗೊಂಡ ಬಾ. ನಡುಮಧ್ಯಾಹ್ನ ಸಭಾ ಐತಿ, ದೊಡ್ಡ ಸಾಹೇಬ್ರು ಎಲ್ಲಾರ ಮುಂದ ಕುಡೀತಾರ. ಬರಲಿಲ್ಲಂದ್ರ ಅವರ ಮರ್ಯಾದಿ ಏನಾಗ್ಬೇಕು?"

ಅವನು ಹೋದ ಮೇಲೆ, "ಒಂದು ಸಲ ಸುಣ್ಣ ಹಚ್ಚಪ್ಪಾ" ಎಂದು ಬೇಡಿಕೊಂಡೆ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಗೋಡೆಗಾಗಲಿ ಗಡಿಗೆಗಾಗಲಿ ಸುಣ್ಣ ಬಳಿಯುವುದು ನಮ್ಮಲ್ಲಿಲ್ಲ. ಅದಕ್ಕೇ ಈ ವರ್ಷ ಇಳಿಸಿದ್ದನ್ನು ಹುಳಿಯುವ ಮುಂಚೆ ನಸುಕಿನಲ್ಲೇ ಮರದ ಬುಡದಲ್ಲಿ ಹಂಚಿಬಿಡುತ್ತೇವೆ.

"ಅಣ್ಣನ ವರ್ಷ ಮುರದು ಅಣ್ಣನ ಹಾರ ತರ್ಲೇನು, ವೈನಿ? ಆಗಂಗಿಲ್ಲ" ಎಂದ.

ಈಗ ಹೇಳಿ, ನಮ್ಮೂರ ಬಸ್ಸು ವಿಜಾಪುರ ಮುಟ್ಟುವಷ್ಟರಲ್ಲಿ ಆ ಗಡಿಗೆಯಲ್ಲಿ ಏನಿರುತ್ತದೆ? ಅದನ್ನು ಮೂಸಿ ನೋಡುವವರು ವೇದಿಕೆಯ ಮೇಲೆ ಇರುತ್ತಾರೋ, ಕೆಳಗೋ? ಅಣ್ಣನ ಶಾಲು ಹೊದ್ದುಕೊಂಡೇ ತಮ್ಮ ನಿಮ್ಮ ಜೀಪು ಹತ್ತಬೇಕೇ? ನಾನು ನಾಲ್ಕನೆಯ ಇಯತ್ತೆ ಕಲಿತವಳು. ದಿನಾಲೂ ನಾಲ್ಕು ಸಾಲು ಬರೆದಿಟ್ಟು ಮಲಗುವ ರೂಢಿ. ಈ ವಾರ ಬರೆದರೂ ನಿದ್ದೆಯಿಲ್ಲ.

ಅಮೋಘಿಯನ್ನು ಸಭೆಗೆ ಕರೆಯಬೇಡಿ. ಸನ್ಮಾನ ಮಾಡಲೇಬೇಕೆಂದಿದ್ದರೆ ನಸುಕಿನಲ್ಲಿ ನೀವೇ ಡೋಣಿ ದಂಡೆಗೆ ಬನ್ನಿ. ಅವನು ಇಳಿಸಿಕೊಟ್ಟದ್ದನ್ನು ಅಲ್ಲೇ ಕುಡಿಯಿರಿ, ಸಿಹಿಯಾಗಿದ್ದರೆ ಸಿಹಿಯೆಂದು ಎಲ್ಲರಿಗೂ ಕೇಳುವಂತೆ ಹೇಳಿ. ಮರೆಪ್ಪನವರಿಗೆ ಅಷ್ಟು ಸಾಕು.

ಆದರೆ ಜೀಪನ್ನು ಊರಾಚೆ ನಿಲ್ಲಿಸಿ ನಡೆದು ಬನ್ನಿ. ಅವನು ಮರದ ಮೇಲಿರುತ್ತಾನೆ.

ಇಂತಿ,
ನಿಮ್ಮ ಹಾರಕ್ಕೂ ಹೆದರುವ,
ಪರಸವ್ವ, ಸಾರವಾಡ