ಮೊಳೆಗೆ ಸಿಕ್ಕಿಸಿದ ಅಂಗಿಯ ತುಂಡು

ಇಶ್ಪೆಮಿಂಗ್, ಮಿಷಿಗನ್
ನವೆಂಬರ್ 6, ಭಾನುವಾರ

ಪ್ರೀತಿಯ ಐಲಾ,

ಹೇಗಿದ್ದೀಯ ಮಗಳೇ? ಡುಲುತ್‌ನಲ್ಲಿ ಆಗಲೇ ಹಿಮ ಬಿದ್ದಿದೆಯಂತೆ. ಆಸ್ಪತ್ರೆಯಲ್ಲಿ ದಿನವಿಡೀ ನಿಂತು ನಿನ್ನ ಕಾಲು ಊದಿಕೊಳ್ಳುತ್ತದೆ ಅಂತ ಊರ್ಹೊ ಮಾವ ಹೇಳಿದ. ನನಗೆ ಹೇಳದ್ದನ್ನು ನಿನ್ನಮ್ಮನ ತಮ್ಮನಿಗಾದರೂ ಹೇಳುತ್ತೀಯಲ್ಲ, ಅಷ್ಟೇ ಸಾಕು. ನನ್ನ ಮಂಡಿನೋವು ಇದ್ದ ಹಾಗೇ ಇದೆ.

ಇನ್ನು ಒಂಬತ್ತು ದಿನಕ್ಕೆ ಜಿಂಕೆ ಬೇಟೆ ಶುರು. ನೀನು ಬರುವುದನ್ನು ಬಿಟ್ಟು ಇದು ನಾಲ್ಕನೇ ವರ್ಷ. ನಿನ್ನ ಸೆಮಿ ಆಟೋಮ್ಯಾಟಿಕ್ ಕೋವಿ ಅಲ್ಲಿಂದೀಚೆ ಕಪಾಟಿನಲ್ಲೇ ಇತ್ತು. ಹೋದ ತಿಂಗಳು ಊರ್ಹೊ ಅದನ್ನು ತೆಗೆದು ಹಲಗೆಗೆ ಹತ್ತು ಗುಂಡು ಹೊಡೆದ. ಒಂದೊಂದೂ ಒಂದೊಂದು ದಿಕ್ಕಿಗೆ. "ಇದ್ರ ನಳಿಗೆ ಸವೆದಿದೆ ಭಾವ, ಹೊಸದು ಹಾಕು" ಅಂದ. ಹೊಸದು ಹಾಕಿಟ್ಟರೆ ಈ ಸಲವಾದರೂ ನೀನು ಬಂದೀಯೆಂದು ಆಸೆಪಟ್ಟು ತರಿಸಿದೆ.

ನಿನ್ನೆ ಗ್ಯಾರೇಜಿನಲ್ಲಿ ಕೋವಿಯನ್ನು ಮೇಜಿಗೆ ಬಿಗಿದ ವೈಸಿನ ದವಡೆಗೆ ಕಚ್ಚಿಸಿ, ನಳಿಗೆಯನ್ನು ಹಿಡಿದಿಡುವ ನಟ್ಟಿಗೆ ಸ್ಪ್ಯಾನರ್ ಹಾಕಲು ಹೋದೆ. ಮೈಭಾರವೆಲ್ಲ ಹಾಕಿದರೆ ಮಾತ್ರ ಅಲುಗಬೇಕಾದ ನಟ್ಟು ಅದು. ಎರಡು ಬೆರಳಿಗೇ ತಿರುಗಿ ಬಂತು. ಅದು ಸಡಿಲವಿದ್ದರೆ ನಳಿಗೆ ಅಲ್ಲಾಡಿ ಗುಂಡು ದಿಕ್ಕು ತಪ್ಪುತ್ತದೆ. ಅದನ್ನು ಹಾಕಿದವನು ನಾನೇ. ನಿನ್ನ ಕೊನೆಯ ಬೇಟೆಗೆ ಮುಂಚಿನ ಶನಿವಾರ ನಳಿಗೆಯ ಹೊದಿಕೆ ಬದಲಿಸಲೆಂದು ಬಿಚ್ಚಿ, ಮತ್ತೆ ಬೆರಳಲ್ಲಿ ತಿರುಗಿಸಿ ಕೂರಿಸುತ್ತಿದ್ದಾಗ, ಸೌನಾ ಹಬೆಮನೆಯ ಕಲ್ಲು ಕಾದಿದೆ ಬಾ ಎಂದು ಊರ್ಹೊ ಕೂಗಿದ. ಸೌನಾ ಕಾದ ಮೇಲೂ ಕೆಲಸ ಮಾಡುತ್ತ ಕೂರುವವರು ನಮ್ಮಲ್ಲಿ ಯಾರಿದ್ದಾರೆ? ಬೆವರು ಹರಿಸಿ ಬಂದು ಬಿಗಿ ಮಾಡಿದರಾಯಿತು ಅಂದುಕೊಂಡು ಹೋದವನು ಮರೆತೇಬಿಟ್ಟೆ.

ಆ ಬೇಟೆಯಲ್ಲಿ ನೀನು ಹೊಡೆದ ಜಿಂಕೆ ಕಾಲಿಗೆ ಗುಂಡು ತಾಗಿ ಕುಂಟುತ್ತ ಕಾಡು ಸೇರಿತು. ನೀನು ರಕ್ತದ ಹನಿ ಹುಡುಕುತ್ತ ಸಂಜೆವರೆಗೆ ಅಲೆದು, ಬರಿಗೈಯಲ್ಲಿ ಅಳುತ್ತ ಬಂದೆ. "ಅಪ್ಪಾ, ನಾನು ಸರಿಯಾಗೇ ಗುರಿ ಹಿಡಿದಿದ್ದೆ" ಅಂದೆ. "ಕೋವಿ ಮೇಲೆ ತಪ್ಪು ಹಾಕ್ಬೇಡ, ನಿನ್ನ ಕೈ ನಡುಗಿದೆ" ಅಂತ ನಾನು ಎಲ್ಲರೆದುರು ಅಂದೆ. ಗುರಿ ತಪ್ಪಿದವರ ಅಂಗಿಯ ಹಿಂಬದಿ ಕತ್ತರಿಸಿ, ಹೆಸರು, ವರ್ಷ ಬರೆದು, ಬೇಟೆ ಬಿಡಾರದ ಗೋಡೆಯ ಮೊಳೆಗೆ ಸಿಕ್ಕಿಸುವುದು ನಮ್ಮಲ್ಲಿ ಯಾರಿಗೂ ತಪ್ಪಿದ್ದಲ್ಲ. ನಗುನಗುತ್ತಲೇ ಆಗುವ ಶಾಸ್ತ್ರ. ಆದರೆ ಅವತ್ತು ನೀನು ತೊಟ್ಟಿದ್ದು ತೀರಿಹೋದ ನಿನ್ನಮ್ಮನ ಕೆಂಪು ಚೌಕುಳಿ ಅಂಗಿ. "ಇದೊಂದು ಬೇಡ ಅಪ್ಪಾ" ಅಂದೆ. ಮಗಳಿಗೊಂದು ನ್ಯಾಯ ಅಂತ ಯಾರಾದರೂ ಆಡಿಕೊಂಡಾರೆಂದು ಕತ್ತರಿ ಆಡಿಸಿಯೇಬಿಟ್ಟೆ. ಅವತ್ತಿನ ನನ್ನ ಮುಖ ನೆನೆದರೆ ನನಗೇ ಅಸಹ್ಯವಾಗುತ್ತದೆ.

ತಪ್ಪಾಯಿತು ಮಗಳೇ. ನಿನ್ನ ಕೈ ನಡುಗಿರಲಿಲ್ಲ. ಹೊಸ ನಳಿಗೆ ಕೂರಿಸಿ, ನಟ್ಟನ್ನು ಈ ಸಲ ಅಳತೆ ನೋಡಿಯೇ ಬಿಗಿದಿದ್ದೇನೆ. ಬಾ ಎಂದು ಕರೆಯುವ ಬಾಯಿ ನನಗಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಕಾಲನ್ನು ಬಿಸಿನೀರಲ್ಲಿಡು. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಪ್ಪ,
ರೇನೊ

ಮತ್ತೊಂದು ಮಾತು. ಮರೆತದ್ದಲ್ಲ, ಧೈರ್ಯ ಸಾಲದೆ ಮೇಲೆ ಬರೆಯಲಿಲ್ಲ. ಆ ಬೆಳಿಗ್ಗೆ ನೀನು "ಗುರಿ ಪರೀಕ್ಷೆ ಮಾಡಿದ್ದೀಯಾ ಅಪ್ಪಾ?" ಅಂತ ಕೇಳಿದಾಗ, ಮೂರು ಗುಂಡು ಹೊಡೆದು ನೋಡಿದ್ದೇನೆ ಅಂದಿದ್ದೆ. ಒಂದೂ ಹೊಡೆದಿರಲಿಲ್ಲ. ಇವತ್ತು ಬಿಡಾರಕ್ಕೆ ಹೋಗಿ ಬಂದೆ. ನಿನ್ನಮ್ಮನ ಅಂಗಿಯ ತುಂಡು ಈ ಲಕೋಟೆಯಲ್ಲಿದೆ. ಆ ಮೊಳೆಗೆ ಈಗ ನನ್ನ ಅಂಗಿಯ ತುಂಡಿದೆ. ನನ್ನ ಹೆಸರು ಬರೆದು, ಆ ವರ್ಷವನ್ನೇ ಹಾಕಿದ್ದೇನೆ.