ಆ ದೀಪವನ್ನು ನಂಬಬೇಡ

ಅಕ್ಕಾ,

ನಿನ್ನ ಕಾಲಿಗೆ ಬೀಳುತ್ತೇನೆ, ಬೈಕ್ ಮುಟ್ಟಬೇಡ!

ನಿನ್ನ ರಾತ್ರಿ ರೇಸಿಗೆಂದು ಹೊಸ ಹೆಡ್‌ಲೈಟ್ ಹಾಕಿದವನು ನಾನೇ. ಅಂಗಳದಲ್ಲಿ ಎಕ್ಸಲರೇಟರ್ ತಿರುವಿದಾಗ ಸೂರ್ಯನೇ ನಾಚಿ ಮೋಡದ ಹಿಂದೆ ಅಡಗಿದ. ನನ್ನಂಥ ಮೆಕ್ಯಾನಿಕ್ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಎಂದು ಬೀದಿಗೆಲ್ಲ ಕೊಚ್ಚಿಕೊಂಡೂ ಬಂದೆ. ಆದರೆ ಇಂಜಿನ್ ನಿಧಾನವಾದರೆ ದೀಪ ಪೂರ್ತಿ ಆರುತ್ತದೆ, ಈಗಷ್ಟೇ ಕಂಡೆ. ಕಣಿವೆಯ ತಿರುವಿನಲ್ಲಿ ನೀನು ನಿಧಾನ ಮಾಡಲೇಬೇಕಲ್ಲ!

ಹಳೆಯ ದೀಪವನ್ನು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದೆ, ಅದನ್ನೇ ತರಲು ಓಡುತ್ತಿದ್ದೇನೆ. ಫೋನ್ ಆದರೂ ಎತ್ತಬಾರದಾ ತಾಯಿ?

ಈ ಬೈಕಿಗೆ ಕೀ ಇದ್ದಿದ್ದರೆ ನುಂಗಿಬಿಡುತ್ತಿದ್ದೆ. ಇರುವುದು ಬರೀ ಕಿಕ್. ನಾನು ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ನೀನು ಕೇಳಿಲ್ಲ, ಅದಕ್ಕೇ ಮುಂದಿನ ಚಕ್ರ ಬಿಚ್ಚಿ ಹೆಗಲಿಗೇರಿಸಿಕೊಂಡು ಹೊರಟಿದ್ದೇನೆ.

ಬೈಯುವುದಿದ್ದರೆ ಬಾಯ್ತುಂಬ ಬೈ. ಬದುಕಿದ್ದು ಬೈ.